ಗಾಳಿ ಎಷ್ಟಿರಬೇಕು? ಬೇಗೂರಿನ ರಸ್ತೆಗೆ ರೋಡ್ ಬೈಕ್ ಟೈರಿನ ಲೆಕ್ಕ

ರೋಡ್ ಬೈಕ್ ಕೊಂಡ ಮೊದಲ ವಾರದಲ್ಲೇ ಏಳುವ ಪ್ರಶ್ನೆ ಇದು: ಗಾಳಿ ಎಷ್ಟು ಹಾಕಬೇಕು? ಅಂಗಡಿಯವರು ‘ನೂರು ಇರಲಿ’ ಅನ್ನುತ್ತಾರೆ. ಭಾನುವಾರ ಜೊತೆಗೆ ಬರುವವರಲ್ಲಿ ಒಬ್ಬರು ‘ಟೈರ್ ಮೇಲೇ ಬರೆದಿದೆಯಲ್ಲ, ಅಷ್ಟು ಹೊಡೀರಿ’ ಎಂದರೆ ಇನ್ನೊಬ್ಬರು ‘ಅರವತ್ತು ಸಾಕು, ಜಾಸ್ತಿ ಯಾಕೆ’ ಎನ್ನುತ್ತಾರೆ. ಪಂಚರ್ ಅಂಗಡಿಯವರು ಹೆಬ್ಬೆರಳಿನಲ್ಲಿ ಒತ್ತಿ ನೋಡಿ ‘ಫುಲ್ ಇದೆ ಸಾರ್’ ಎಂದು ಕಳಿಸುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ತಮ್ಮ ಟೈರಿಗೆ, ತಮ್ಮ ತೂಕಕ್ಕೆ, ತಮ್ಮ ದಾರಿಗೆ ಹೊಂದಿದ್ದನ್ನು ಹೇಳುತ್ತಿದ್ದಾರೆ. ನಿಮ್ಮ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು. ಅದಕ್ಕೆ ಮನೆಯ ತೂಕದ ಯಂತ್ರ, ಮೀಟರ್ ಇರುವ ಪಂಪು ಮತ್ತು ಒಂದು ಭಾನುವಾರದ ಬೆಳಗ್ಗೆ ಇದ್ದರೆ ಆಯಿತು.

ಬೇಗೂರಿನ ಕಡೆಯವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಕೆರೆ ಮತ್ತು ನಾಗೇಶ್ವರ ದೇವಸ್ಥಾನದ ಸುತ್ತಿನ ಹಳೆಯ ಊರಿಂದ ಹೊರಟು ಚಿಕ್ಕತೋಗೂರು, ದೊಡ್ಡತೋಗೂರಿನ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿ ಸೇರುವವರು ಕೆಲವೇ ಕಿಲೋಮೀಟರಿನಲ್ಲಿ ಮೂರು ಬಗೆಯ ನೆಲ ಕಾಣುತ್ತಾರೆ. ಪೈಪಿಗೋ ಕೇಬಲ್ಲಿಗೋ ಅಗೆದು ಮಣ್ಣು ಮುಚ್ಚಿದ ಪಟ್ಟೆ ಒಂದು. ಬಣ್ಣ ಅಳಿಸಿಹೋದ ಹಂಪುಗಳಿರುವ, ತೇಪೆ ಹಾಕಿದ ಟಾರು ಇನ್ನೊಂದು. ಕೊನೆಗೆ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ನೋಡಿಕೊಳ್ಳುವ, ಕೊಂಚ ನಯವಾದ ಒಳರಸ್ತೆ. ಬೇಗೂರು–ಕೊಪ್ಪ ರಸ್ತೆ ಹಿಡಿದು ಜಿಗಣಿ, ಬನ್ನೇರುಘಟ್ಟದ ಕಡೆ ಬೆಳಗಿನ ಸುತ್ತು ಹೊಡೆಯುವವರ ಪಾಡೂ ಇದೇ, ಟಿಪ್ಪರಿನಿಂದ ಉದುರಿದ ಜಲ್ಲಿಪುಡಿ ಬೇರೆ. ಇಂಥ ದಾರಿಯಲ್ಲಿ ಯಾವ ನೆಲವನ್ನು ಲೆಕ್ಕಕ್ಕೆ ಹಿಡಿಯಬೇಕು? ದಾರಿಯ ಕೆಟ್ಟ ಭಾಗವನ್ನು. ಕಾರಣಗಳನ್ನು ಒಂದೊಂದಾಗಿ ನೋಡೋಣ.

ಟೈರಿನ ಮೇಲೆ ಏನು ಬರೆದಿದೆ

ಟೈರಿನ ಪಕ್ಕದಲ್ಲಿ ಎರಡು ಬರಹ ಹುಡುಕಿ. ಒಂದು ಅಳತೆ: 700×28ಸಿ ಅಥವಾ 28-622. ಇದರಲ್ಲಿ 28 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 622 ಎಂಬುದು ಟೈರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ. ಇನ್ನೊಂದು ಒತ್ತಡ: ‘ಮ್ಯಾಕ್ಸ್ 116 ಪಿಎಸ್‌ಐ, 8 ಬಾರ್’ ಎಂಬಂಥ ಸಾಲು. ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡು ಒತ್ತಡ ಬೀಳುತ್ತಿದೆ ಎಂಬುದೇ ಪಿಎಸ್‌ಐ. 1 ಬಾರ್ ಅಂದರೆ 14.5 ಪಿಎಸ್‌ಐ.

‘ಮ್ಯಾಕ್ಸ್’ ಅನ್ನುವುದು ಮೇಲಿನ ಮಿತಿ. ಲಿಫ್ಟಿನಲ್ಲಿ ‘8 ಜನ’ ಎಂದು ಬರೆದಿದ್ದರೆ ಎಂಟು ಜನ ಸೇರುವ ತನಕ ಬಾಗಿಲು ಹಾಕಬಾರದು ಎಂದು ಯಾರೂ ತಿಳಿಯುವುದಿಲ್ಲ. ಟೈರಿನ ಅಂಕಿಯನ್ನು ಮಾತ್ರ ಬಹಳ ಮಂದಿ ಹಾಗೆ ಓದುತ್ತಾರೆ. ಟೈರಿನಂತೆ ರಿಮ್ಮಿಗೂ ಒಂದು ಮಿತಿ ಇರುತ್ತದೆ. ಎರಡರಲ್ಲಿ ಕಡಿಮೆ ಇರುವುದೇ ನಿಮ್ಮ ಮೇಲಿನ ಗೆರೆ. ಈಚೆಗೆ ಬರುತ್ತಿರುವ ಹುಕ್‌ಲೆಸ್ ರಿಮ್ಮಿನ ಅಂಚಿನಲ್ಲಿ ಟೈರನ್ನು ಹಿಡಿದಿಡುವ ಕೊಕ್ಕೆ ಇರುವುದಿಲ್ಲ. ಅದಕ್ಕೆ ಮಿತಿ 5 ಬಾರ್, ಅಂದರೆ 72.5 ಪಿಎಸ್‌ಐ. ಅಲ್ಲಿ ‘ನೂರು ಇರಲಿ’ ಎಂಬ ಮಾತು ಕೇಳಿದರೆ ಟೈರು ರಿಮ್ಮಿನಿಂದ ಕಳಚಿ ಸವಾರ ನೆಲಕ್ಕೆ ಬೀಳುವ ಅಪಾಯ ಇದೆ. ನಿಮ್ಮ ಚಕ್ರ ಹುಕ್‌ಲೆಸ್ಸೋ ಅಲ್ಲವೋ ಗೊತ್ತಿಲ್ಲದಿದ್ದರೆ ಗಾಳಿ ಹೊಡೆಯುವ ಮೊದಲು ರಿಮ್ಮಿನ ಮೇಲಿನ ಸ್ಟಿಕ್ಕರ್ ಓದಿ.

ಗಟ್ಟಿ ಟೈರು ಏಕೆ ನಿಧಾನ

ಸವಾರ, ಸೈಕಲ್, ಬ್ಯಾಗು ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ಹಿಂದಿನ ಚಕ್ರದ ಮೇಲೆ ಹೆಚ್ಚುಕಡಿಮೆ 47 ಕೆ.ಜಿ. ಬೀಳುತ್ತದೆ. ಒಳಗೆ 75 ಪಿಎಸ್‌ಐ ಗಾಳಿ ಇದ್ದರೆ ಟೈರು ನೆಲಕ್ಕೆ ಒತ್ತಿಕೊಳ್ಳುವ ಜಾಗ ಸುಮಾರು 9 ಚದರ ಸೆಂಟಿಮೀಟರ್. 110 ಹಾಕಿದರೆ ಅದು ಸುಮಾರು 6ಕ್ಕೆ ಇಳಿಯುತ್ತದೆ. ಬ್ರೇಕು ಹಿಡಿಯುವುದು, ತಿರುವಿನಲ್ಲಿ ಜಾರದೆ ನಿಲ್ಲುವುದು ಎಲ್ಲವೂ ಇಷ್ಟು ಜಾಗದ ಮೇಲೇ ನಡೆಯಬೇಕು.

ಚಕ್ರ ಉರುಳುವಾಗ ಟೈರಿನ ಪ್ರತಿ ಭಾಗವೂ ನೆಲ ಮುಟ್ಟಿದಾಗ ಚಪ್ಪಟೆಯಾಗಿ, ಮೇಲೆದ್ದಾಗ ಮತ್ತೆ ಗುಂಡಗಾಗುತ್ತದೆ. ರಬ್ಬರು ಹೀಗೆ ಬಾಗಿ ನೆಟ್ಟಗಾಗುವಾಗ ನೀವು ತುಳಿದ ಶ್ರಮದ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಗಾಳಿ ಹೆಚ್ಚಿದಂತೆ ಬಾಗುವಿಕೆ ಕಡಿಮೆ, ಈ ನಷ್ಟವೂ ಕಡಿಮೆ. ಪ್ರಯೋಗಾಲಯದಲ್ಲಿ ನುಣ್ಣನೆಯ ಉಕ್ಕಿನ ಉರುಳೆಯ ಮೇಲೆ ಟೈರು ಓಡಿಸಿ ಅಳೆದರೂ ಇದೇ ಫಲಿತಾಂಶ. ಮರದ ಹಲಗೆ ಹಾಸಿದ ವೆಲೋಡ್ರೋಮಿನಲ್ಲೂ ಇದು ನಿಜ. ರೇಸಿನವರು ಬಹಳ ಕಾಲ 23 ಮಿ.ಮೀ. ಟೈರಿಗೆ 110, 120 ಪಿಎಸ್‌ಐ ಹಾಕುತ್ತಿದ್ದದ್ದು ಈ ಲೆಕ್ಕದ ಮೇಲೆ. ನಮ್ಮ ಅಂಗಡಿಗಳ ‘ನೂರು’ ಕೂಡ ಅಲ್ಲಿಂದಲೇ ಬಂದದ್ದು.

ಆದರೆ ಆ ಲೆಕ್ಕದಲ್ಲಿ ರಸ್ತೆಯೇ ಇರಲಿಲ್ಲ. ಟಾರಿನ ಮೇಲೆ ಸಣ್ಣ ಉಬ್ಬು ಸಿಕ್ಕಾಗ ತುಸು ಮೆದುವಾದ ಟೈರು ಅದನ್ನು ತನ್ನೊಳಗೇ ನುಂಗಿಕೊಂಡು ದಾಟುತ್ತದೆ. ಕಲ್ಲಿನಂತೆ ಗಟ್ಟಿಯಾದ ಟೈರಿಗೆ ಅದು ಆಗದು. ಚಕ್ರವನ್ನೂ ಫ್ರೇಮನ್ನೂ ಅದರ ಮೇಲೆ ಕೂತ ನಿಮ್ಮನ್ನೂ ಎತ್ತಿ ಕುಕ್ಕುತ್ತದೆ. ಮುಂದಕ್ಕೆ ಹೋಗಬೇಕಾದ ಬಲ ಮೇಲಕ್ಕೆ ಹೋಗುತ್ತದೆ. ಆ ಅದುರು ತೊಡೆ, ಭುಜ, ಅಂಗೈಗಳಲ್ಲಿ ಕರಗಿ ವ್ಯರ್ಥವಾಗುತ್ತದೆ. ಅಮೆರಿಕದ ‘ಬೈಸಿಕಲ್ ಕ್ವಾರ್ಟರ್ಲಿ’ ಪತ್ರಿಕೆಯ ಯಾನ್ ಹೈನೆ ಮತ್ತು ಅವರ ಜೊತೆಗಾರರು ಟೈರುಗಳನ್ನು ನಿಜವಾದ ರಸ್ತೆಯ ಮೇಲೆ, ಸವಾರನನ್ನು ಕೂರಿಸಿಯೇ ಪರೀಕ್ಷಿಸಿ ಈ ನಷ್ಟವನ್ನು ಎತ್ತಿ ತೋರಿಸಿದರು. ಜಿಪ್ ಚಕ್ರ ಕಂಪನಿಯಲ್ಲಿದ್ದು ಆಮೇಲೆ ಸಿಲ್ಕಾ ಪಂಪಿನ ಕಂಪನಿಯನ್ನು ಕೊಂಡ ಜಾಶ್ ಪೋರ್ಟ್ನರ್ ಕೂಡ ಒತ್ತಡ ಬದಲಿಸಿ ಬದಲಿಸಿ ಅಳೆದು ಇದೇ ಮಾತಿಗೆ ಬಂದರು.

ಅವರ ಅಳತೆಗಳಲ್ಲಿ ನಮಗೆ ಬೇಕಾದ ಒಂದು ಸಂಗತಿ ಇದೆ. ಒತ್ತಡ ಏರಿಸುತ್ತ ಹೋದಂತೆ ಒಂದು ಮಟ್ಟದ ತನಕ ಸೈಕಲ್ ಸ್ವಲ್ಪ ಸ್ವಲ್ಪವೇ ಹಗುರಾಗುತ್ತದೆ. ಆ ಮಟ್ಟ ದಾಟಿದ ಮೇಲೆ ಅದುರಿನ ನಷ್ಟ ಕಡಿದಾಗಿ ಏರುತ್ತದೆ. ಅಂದರೆ ಸರಿಯಾದ ಅಂಕಿಗಿಂತ 5 ಕಡಿಮೆ ಹಾಕಿದರೆ ಕಳೆದುಕೊಳ್ಳುವುದು ಅಲ್ಪ, 5 ಹೆಚ್ಚು ಹಾಕಿದರೆ ಕಳೆದುಕೊಳ್ಳುವುದು ಅದಕ್ಕಿಂತ ಬಹಳ. ನೆಲ ಒರಟಾದಷ್ಟೂ ಆ ಮಟ್ಟ ಕೆಳಗೆ ಬರುತ್ತದೆ. ದಾರಿಯ ಕೆಟ್ಟ ಭಾಗಕ್ಕೆ ತಕ್ಕಂತೆ ಗಾಳಿ ಹಾಕಬೇಕು ಅನ್ನುವುದಕ್ಕೆ ಕಾರಣ ಇದೇ. ಎಲೆಕ್ಟ್ರಾನಿಕ್ ಸಿಟಿಯ ಒಳರಸ್ತೆಗೆ ಹೊಂದುವ ಒತ್ತಡದಲ್ಲಿ ಅಗೆದ ಪಟ್ಟೆಯ ಮೇಲೆ ಹೋದರೆ ನಷ್ಟ ದೊಡ್ಡದು. ಅಗೆದ ಪಟ್ಟೆಗೆ ಹೊಂದುವ ಒತ್ತಡದಲ್ಲಿ ನಯವಾದ ರಸ್ತೆಯಲ್ಲಿ ಹೋದರೆ ನಷ್ಟ ಗೊತ್ತೇ ಆಗದಷ್ಟು.

ಗಟ್ಟಿ ಟೈರು ಜೋರಾಗಿ ಓಡುತ್ತಿದೆ ಎಂದು ಅನಿಸುವುದಂತೂ ನಿಜ. ವೇಗ ಹೆಚ್ಚಿದಾಗ ಹ್ಯಾಂಡಲ್ಲಿನ ನಡುಕ ಹೆಚ್ಚುತ್ತದೆ. ಆ ಅಭ್ಯಾಸದಿಂದ ನಡುಕ ಹೆಚ್ಚಾದಾಗಲೆಲ್ಲ ವೇಗವೂ ಹೆಚ್ಚಿದೆ ಎಂದು ಕೈ ನಂಬುತ್ತದೆ. ಗಡಿಯಾರ ನೋಡಿದರೆ ಮಾತು ಬೇರೆ. ಸುಮಾರು 55 ಕಿ.ಮೀ. ಕಲ್ಲುಹಾಸಿನ ದಾರಿ ಇರುವ ಫ್ರಾನ್ಸಿನ ಪ್ಯಾರಿಸ್–ರೂಬೇ ಓಟದಲ್ಲಿ ಇವತ್ತಿನ ವೃತ್ತಿಪರರು 30, 32 ಮಿ.ಮೀ. ಟೈರು ಹಾಕಿ 5 ಬಾರ್‌ಗಿಂತ ಕಡಿಮೆ ಗಾಳಿಯಲ್ಲಿ ಓಡುತ್ತಾರೆ. ಅವರಿಗಿಂತ ಜೋರಾಗಿ ಹೋಗುವ ಹಂಬಲ ಬೇಗೂರಿನಿಂದ ಕಚೇರಿಗೆ ಹೋಗುವವರಿಗೆ ಇರಲಾರದು.

ಅಗಲ ಹೆಚ್ಚಿದರೆ ಗಾಳಿ ಕಡಿಮೆ

ಟೈರಿನ ಬಟ್ಟೆಯನ್ನು ಒಳಗಿನ ಗಾಳಿ ಎಷ್ಟು ಬಿಗಿಯಾಗಿ ಎಳೆದಿಡುತ್ತದೆ ಎಂಬುದು ಒತ್ತಡ ಮತ್ತು ಅಗಲಗಳ ಗುಣಾಕಾರದ ಮೇಲೆ ನಿಂತಿದೆ. 32 ಮಿ.ಮೀ. ಟೈರಿಗೆ 90 ಹಾಕಿದರೆ ಅದರ ಬಿಗಿತ 25 ಮಿ.ಮೀ. ಟೈರಿಗೆ 115 ಹಾಕಿದಷ್ಟು. ಹೊಸ ಸೈಕಲ್ಲಿಗೆ ಅಗಲದ ಟೈರು ಬಂದಿದ್ದರೂ ಹಳೆಯ ಸೈಕಲ್ಲಿನ ಅಂಕಿಯನ್ನೇ ಮುಂದುವರಿಸುವವರು ಅಗಲದ ಲಾಭವನ್ನೆಲ್ಲ ಪಂಪಿನಲ್ಲೇ ಕಳೆದುಕೊಳ್ಳುತ್ತಾರೆ.

ಬರೆದಿರುವ ಅಗಲ, ನಿಜವಾದ ಅಗಲ ಒಂದೇ ಆಗಿರಬೇಕೆಂದಿಲ್ಲ. ಅಗಲವಾದ ರಿಮ್ಮಿನ ಮೇಲೆ ಕೂತ 25ರ ಟೈರು ಅಳೆದರೆ 27 ಬರುವುದುಂಟು. ವರ್ನಿಯರ್ ಇದ್ದರೆ ಗಾಳಿ ತುಂಬಿದ ಮೇಲೆ ಒಮ್ಮೆ ಅಳೆದು ಆ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ನಮ್ಮ ಗುಂಡಿಗಳಿಗೆ 23 ಮಿ.ಮೀ. ಟೈರು ಹೇಳಿಸಿದ್ದಲ್ಲ. ಗಾಳಿ ಇಳಿಸಿದರೆ ರಿಮ್ಮು ನೆಲಕ್ಕೆ ಬಡಿಯುತ್ತದೆ, ಏರಿಸಿದರೆ ಮೈ ನೋಯುತ್ತದೆ. ನಡುವೆ ಉಳಿಯುವ ಜಾಗ ಬಲು ಕಿರಿದು. ಫೋರ್ಕಿಗೂ ಬ್ರೇಕಿಗೂ ಟೈರಿಗೂ ನಡುವೆ 4 ಮಿ.ಮೀ.ಯಷ್ಟು ಸಂದು ಉಳಿಯುವುದಾದರೆ ಮುಂದಿನ ಸಲ 28 ಕೊಳ್ಳಿ. ಡಿಸ್ಕ್ ಬ್ರೇಕಿನ ಹೊಸ ಫ್ರೇಮುಗಳಲ್ಲಿ ಬಹುಪಾಲು 30, 32 ಕೂಡ ಹಿಡಿಯುತ್ತವೆ. ರಿಮ್ ಬ್ರೇಕಿನ ಹಳೆಯ ಫ್ರೇಮುಗಳಲ್ಲಿ ಕೆಲವು 25ಕ್ಕೇ ನಿಂತುಬಿಡುತ್ತವೆ.

ತೂಗಿ ನೋಡಿ, ಆಮೇಲೆ ಹಾಕಿ

ಲೆಕ್ಕಕ್ಕೆ ಬರುವುದು ನಿಮ್ಮ ತೂಕ ಮಾತ್ರವಲ್ಲ. ಸೈಕಲ್, ಬೆನ್ನಿನ ಲ್ಯಾಪ್‌ಟಾಪ್ ಬ್ಯಾಗು, ಊಟದ ಡಬ್ಬಿ, ಎರಡು ಬಾಟಲಿ ನೀರು, ಬೀಗ, ಶೂ, ಹೆಲ್ಮೆಟ್ ಎಲ್ಲ ಸೇರಬೇಕು. 70 ಕೆ.ಜಿ.ಯ ವ್ಯಕ್ತಿ ಕಚೇರಿಗೆ ಹೊರಟು ನಿಂತಾಗ ಒಟ್ಟು 85 ಆಗಿರುವುದು ಸಾಮಾನ್ಯ. ಬ್ಯಾಗು ಹಾಕಿಕೊಂಡು ಸೈಕಲ್ ಎತ್ತಿ ಹಿಡಿದು ತೂಕದ ಯಂತ್ರದ ಮೇಲೆ ನಿಂತರೆ ಒಟ್ಟು ಸಿಗುತ್ತದೆ.

ಮುಂದೆಷ್ಟು ಹಿಂದೆಷ್ಟು ಎಂದು ತಿಳಿಯಲು ಹಿಂದಿನ ಚಕ್ರವನ್ನು ಯಂತ್ರದ ಮೇಲಿಡಿ. ಮುಂದಿನ ಚಕ್ರದಡಿ ಅಷ್ಟೇ ಎತ್ತರದ ಪುಸ್ತಕ ಜೋಡಿಸಿ. ಗೋಡೆಯನ್ನು ಮೊಣಕೈಯಿಂದ ತುಸುವೇ ಆನಿಕೊಂಡು ಸೀಟಿನ ಮೇಲೆ ಕೂತು, ಓಡಿಸುವಾಗ ಹಿಡಿಯುವಂತೆಯೇ ಹ್ಯಾಂಡಲ್ ಹಿಡಿಯಿರಿ. ಅಂಕಿಯನ್ನು ಇನ್ನೊಬ್ಬರು ಓದಲಿ. ರೋಡ್ ಬೈಕಿನಲ್ಲಿ ಸಾಮಾನ್ಯವಾಗಿ ಹಿಂದೆ ನೂರಕ್ಕೆ 55ರಿಂದ 60, ಮುಂದೆ 40ರಿಂದ 45 ಬೀಳುತ್ತದೆ. ಬೆನ್ನಿಗೆ ಬ್ಯಾಗು ಹಾಕಿದರೆ ಹಿಂದಿನ ಪಾಲು ಇನ್ನೂ ಏರುತ್ತದೆ.

ಅಮೆರಿಕದ ತಾಂತ್ರಿಕ ಬರಹಗಾರ ಫ್ರ್ಯಾಂಕ್ ಬೆರ್ಟೊ ಹಲವು ಅಗಲದ ಟೈರುಗಳ ಮೇಲೆ ಭಾರವಿಟ್ಟು ಅಳೆದು, ಯಾವ ಭಾರಕ್ಕೆ ಎಷ್ಟು ಒತ್ತಡ ಎಂಬ ನಕ್ಷೆ ಮಾಡಿದ್ದರು. ಭಾರ ಬಿದ್ದಾಗ ಟೈರು ತನ್ನ ಎತ್ತರದ ನೂರಕ್ಕೆ 15ರಷ್ಟು ಕುಗ್ಗಬೇಕು ಎಂಬ ಸೂತ್ರ ಆ ಅಳತೆಗಳಿಂದ ಬಂದದ್ದು. ಆ ಸೂತ್ರದ ಹತ್ತಿರದಲ್ಲೇ ಇಟ್ಟು, ತೇಪೆ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಒಟ್ಟು 85 ಕೆ.ಜಿ.ಗೆ ಹೀಗೆ ಶುರು ಮಾಡಬಹುದು:

23 ಮಿ.ಮೀ.: ಹಿಂದೆ 98, ಮುಂದೆ 90 ಪಿಎಸ್‌ಐ
25 ಮಿ.ಮೀ.: ಹಿಂದೆ 86, ಮುಂದೆ 78
28 ಮಿ.ಮೀ.: ಹಿಂದೆ 74, ಮುಂದೆ 66
30 ಮಿ.ಮೀ.: ಹಿಂದೆ 66, ಮುಂದೆ 60
32 ಮಿ.ಮೀ.: ಹಿಂದೆ 60, ಮುಂದೆ 54

ಒಟ್ಟು ತೂಕ 5 ಕೆ.ಜಿ. ಹೆಚ್ಚಿದ್ದರೆ 3 ಪಿಎಸ್‌ಐ ಸೇರಿಸಿ, ಕಡಿಮೆ ಇದ್ದರೆ ಕಳೆಯಿರಿ. 28ರ ಟೈರಿನ ಮೇಲೆ ಎಲ್ಲ ಸೇರಿ 65 ಕೆ.ಜಿ. ಇರುವವರು ಹಿಂದೆ 62, ಮುಂದೆ 54ರಲ್ಲಿ ಶುರು ಮಾಡಬಹುದು. ಬರುವ ಅಂಕಿ ಟೈರಿನ ಅಥವಾ ರಿಮ್ಮಿನ ಮಿತಿ ದಾಟಿದರೆ ಆ ಟೈರು ನಿಮ್ಮ ತೂಕಕ್ಕೆ ತೆಳುವಾಯಿತು ಎಂದರ್ಥ, ಮಿತಿ ಮೀರಿ ಗಾಳಿ ಹಾಕುವ ಮಾತಿಲ್ಲ.

ಮುಂದಿನ ಚಕ್ರದ ಭಾರ ಇನ್ನೂ ಕಡಿಮೆ ಇದ್ದರೂ ಅಷ್ಟೇ ಪ್ರಮಾಣದಲ್ಲಿ ಗಾಳಿ ಇಳಿಸಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ನುಗ್ಗುತ್ತದೆ. ಆಟೋ ದಿಢೀರನೆ ಎಡಕ್ಕೆ ತಿರುಗಿದಾಗ, ನಾಯಿ ಅಡ್ಡ ಬಂದಾಗ ಮುಂದಿನ ಟೈರು ಮೆತ್ತಗಾಗಿ ಹೊರಳಬಾರದು. ಮೇಲಿನ ಪಟ್ಟಿಯಲ್ಲಿ ಹಿಂದು ಮುಂದಿನ ಅಂತರವನ್ನು 6ರಿಂದ 8ಕ್ಕೆ ನಿಲ್ಲಿಸಿರುವುದು ಅದಕ್ಕಾಗಿ.

ಕುಗ್ಗುವುದನ್ನು ಕಣ್ಣಾರೆ ನೋಡಬೇಕೆಂದರೆ ಮೊದಲು ಖಾಲಿ ಸೈಕಲ್ಲಿನ ಹಿಂದಿನ ರಿಮ್ಮಿನ ಕೆಳ ಅಂಚಿನಿಂದ ನೆಲಕ್ಕೆ ಎಷ್ಟಿದೆ ಎಂದು ಸ್ಕೇಲಿನಿಂದ ಅಳೆದುಕೊಳ್ಳಿ. ಆಮೇಲೆ ನೀವು ಸೀಟಿನ ಮೇಲೆ ಕೂತಾಗ ಇನ್ನೊಬ್ಬರು ಅಳೆಯಲಿ. 28ರ ಟೈರಿನಲ್ಲಿ ವ್ಯತ್ಯಾಸ 4 ಮಿ.ಮೀ.ಯ ಆಸುಪಾಸು ಇದ್ದರೆ ಸರಿ. 2 ಇದ್ದರೆ ಗಾಳಿ ಹೆಚ್ಚು, 6 ಇದ್ದರೆ ಕಡಿಮೆ.

ಕೆಳಗಿನ ಗೆರೆ ಎಲ್ಲಿದೆ

ಪಟ್ಟಿಯ ಅಂಕಿ ಆರಂಭ ಮಾತ್ರ. ಇನ್ನು ನಿಮ್ಮದೇ ದಾರಿಯಲ್ಲಿ ಅದನ್ನು ತಿದ್ದಬೇಕು. ಟ್ರಾಫಿಕ್ ಏಳುವ ಮೊದಲೇ, ನೀವು ನಿತ್ಯ ಹೋಗುವ ದಾರಿಯ ಅತಿ ಕೆಟ್ಟ ಅರ್ಧ ಕಿಲೋಮೀಟರನ್ನು ಆರಿಸಿಕೊಳ್ಳಿ. ದಿನದ ಬ್ಯಾಗು ಬೆನ್ನಿಗಿರಲಿ. ಒಮ್ಮೆ ಹೋಗಿ ಬನ್ನಿ, ಎರಡೂ ಚಕ್ರದಲ್ಲಿ 3 ಪಿಎಸ್‌ಐ ಇಳಿಸಿ, ಮತ್ತೆ ಹೋಗಿ. ಹೀಗೆ ಇಳಿಸುತ್ತ ಹೋದಾಗ ಮೂರು ಸೂಚನೆಗಳಲ್ಲಿ ಒಂದು ಸಿಗುತ್ತದೆ. ಗುಂಡಿಯ ಅಂಚಿನಲ್ಲಿ ರಿಮ್ಮು ‘ಟಣ್’ ಎಂದು ಬಡಿಯಬಹುದು. ಎದ್ದು ನಿಂತು ತುಳಿದಾಗ ಹಿಂದಿನ ಟೈರು ಪಕ್ಕಕ್ಕೆ ಹೊರಳುತ್ತಿರುವಂತೆ ಅನಿಸಬಹುದು. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ ಮೇಲೆ ಸೈಕಲ್ ಒಂದು ಗಳಿಗೆ ತಡವಾಗಿ ತಿರುಗಬಹುದು. ಯಾವುದೇ ಒಂದು ಕಂಡರೂ ಅಲ್ಲೇ ನಿಲ್ಲಿಸಿ 4, 5 ಪಿಎಸ್‌ಐ ವಾಪಸ್ ಏರಿಸಿ. ಅದು ನಿಮ್ಮ ಅಂಕಿ.

ಅಂಗೈ ಜೋಮು ಹಿಡಿಯುವುದು, ಬಾಟಲಿ ಸ್ಟ್ಯಾಂಡಿನಲ್ಲಿ ಕಟಕಟ ಎನ್ನುವುದು, ಒರಟು ಟಾರಿನಲ್ಲಿ ಬ್ರೇಕು ಹಿಡಿದಾಗ ಹಿಂದಿನ ಚಕ್ರ ಕುಣಿಯುವುದು, ಇವೆಲ್ಲ ಗಾಳಿ ಹೆಚ್ಚಾಗಿದೆ ಎಂಬುದರ ಗುರುತು.

ಅನಿಸಿಕೆಯನ್ನು ನಂಬದವರಿಗೆ ಇನ್ನೊಂದು ದಾರಿ ಇದೆ. ಕೊನೆಯಲ್ಲಿ ಸಮತಟ್ಟಾಗುವ ಸಣ್ಣ ಇಳಿಜಾರು ಹುಡುಕಿ. ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿಂದ ತುಳಿಯದೆ, ಬ್ರೇಕ್ ಹಿಡಿಯದೆ, ಮೈಯನ್ನು ಒಂದೇ ಭಂಗಿಯಲ್ಲಿಟ್ಟು ಉರುಳಿ ಬನ್ನಿ. ಸೈಕಲ್ ನಿಂತಲ್ಲಿ ಗುರುತು ಹಾಕಿ. ಒತ್ತಡ ಬದಲಿಸಿ ಮತ್ತೆ ಮಾಡಿ. ಪ್ರತಿ ಒತ್ತಡಕ್ಕೂ ಎರಡು ಮೂರು ಸಲ ಮಾಡಿದರೆ ಗಾಳಿಯ ಬೀಸಿನಿಂದಾಗುವ ಏರುಪೇರು ಬೇರೆಯಾಗುತ್ತದೆ. ಒರಟು ಟಾರಿನ ಇಳಿಜಾರಿನಲ್ಲಿ 100 ಹಾಕಿದ 28ರ ಟೈರು 75ರದ್ದಕ್ಕಿಂತ ಮುಂಚೆಯೇ ನಿಂತುಬಿಟ್ಟರೆ ಆಶ್ಚರ್ಯಪಡಬೇಡಿ.

ಪಂಪು ಹಿಡಿಯುವ ಕ್ರಮ

ರೋಡ್ ಬೈಕಿನ ವಾಲ್ವು ಪ್ರೆಸ್ಟಾ, ತೆಳ್ಳಗೆ ಉದ್ದ. ಸಾದಾ ಸೈಕಲ್ಲಿನ ರಬ್ಬರ್ ಕೊಳವೆಯ ವಾಲ್ವಿನ ಥರದ್ದಲ್ಲ, ಮೋಟರ್ ಬೈಕಿನ ದಪ್ಪ ವಾಲ್ವೂ ಅಲ್ಲ. ಪೆಟ್ರೋಲ್ ಬಂಕಿನ ಪೈಪು ಇದಕ್ಕೆ ನೇರ ಕೂರುವುದಿಲ್ಲ, ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬೇಕು. ಅಡಾಪ್ಟರ್ ಇದ್ದರೂ ಅಲ್ಲಿನ ವ್ಯವಸ್ಥೆ ಕಾರಿನ 30, 35 ಪಿಎಸ್‌ಐಗೆಂದು ಮಾಡಿದ್ದು. ಪಂಚರ್ ಅಂಗಡಿಯ ಕಂಪ್ರೆಸರಿನದ್ದು ಇನ್ನೊಂದು ತೊಂದರೆ. ನಮ್ಮ ಟ್ಯೂಬು ಎಷ್ಟು ಸಣ್ಣದೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಸಿಡಿಯಬಹುದು. ದಾರಿಯಲ್ಲಿ ಗತಿಯಿಲ್ಲದಾಗ ಮಾತ್ರ ಅವು. ನಿತ್ಯಕ್ಕೆ ನೆಲದ ಮೇಲಿಟ್ಟು ಎರಡು ಕೈಯಿಂದ ಒತ್ತುವ, ಮೀಟರ್ ಇರುವ ಪಂಪು ಮನೆಯಲ್ಲಿರಬೇಕು.

ವಾಲ್ವಿನ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ಒಮ್ಮೆ ಮೆಲ್ಲಗೆ ಒತ್ತಿ ‘ಪುಸ್’ ಅನ್ನಿಸಿ. ಅಂಟಿಕೊಂಡಿರುವ ವಾಲ್ವು ಬಿಟ್ಟುಕೊಳ್ಳುತ್ತದೆ. ಪಂಪಿನ ತಲೆಯನ್ನು ನೇರವಾಗಿ ಕೂರಿಸಿ ಲಿವರ್ ಏರಿಸಿ. ಈಗ ಮೀಟರಿನ ಮುಳ್ಳು ಸೊನ್ನೆ ತೋರಿಸಿದರೆ ಗಾಬರಿ ಬೇಡ. ಒಂದೆರಡು ಸಲ ಒತ್ತಿದ ಮೇಲೆ ವಾಲ್ವು ತೆರೆದುಕೊಂಡು ಮುಳ್ಳು ತಟ್ಟನೆ ಮೇಲೆ ಜಿಗಿಯುತ್ತದೆ. ಟೈರಿನೊಳಗಿನ ಒತ್ತಡ ಅದು. ಬೇಕಾದಷ್ಟು ಹೊಡೆದು ತಲೆ ಕಿತ್ತಾಗ ಬರುವ ‘ಚುಸ್’ ಸದ್ದು ಬಹುಮಟ್ಟಿಗೆ ಪೈಪಿನಲ್ಲಿ ಉಳಿದ ಗಾಳಿಯದ್ದು. ಟೈರಿನ ಗಾಳಿ ಹೋಯಿತೆಂದು ನಾಲ್ಕು ಪಿಎಸ್‌ಐ ಹೆಚ್ಚು ಹೊಡೆಯಬೇಕಾಗಿಲ್ಲ.

ಅಗ್ಗದ ಮೀಟರುಗಳು 5, 10 ಪಿಎಸ್‌ಐ ಆಚೀಚೆ ತೋರಿಸುವುದು ಮಾಮೂಲು. ನಿಮ್ಮ ಅಂಕಿಯನ್ನು ನಿಮ್ಮದೇ ಪಂಪಿನಲ್ಲಿ ಹುಡುಕಿ, ಯಾವಾಗಲೂ ಅದರಲ್ಲೇ ಹಾಕಿದರೆ ಆ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಹುಕ್‌ಲೆಸ್ ರಿಮ್ಮಿನ ಮಿತಿಯ ಹತ್ತಿರ ಓಡಿಸುವವರು ಮಾತ್ರ ಒಳ್ಳೆಯ ಡಿಜಿಟಲ್ ಗೇಜಿನಲ್ಲಿ ಪಂಪನ್ನು ತಾಳೆ ನೋಡಲೇಬೇಕು.

ಹೆಬ್ಬೆರಳಿನ ಪರೀಕ್ಷೆ ಸಾದಾ ಸೈಕಲ್ಲಿಗೆ ಸಾಕು, ಇಲ್ಲಿ ನಡೆಯದು. 70ಕ್ಕೂ 100ಕ್ಕೂ ಇರುವ ವ್ಯತ್ಯಾಸ ಬೆರಳಿಗೆ ತಿಳಿಯುವುದಿಲ್ಲ. ಸಾಮಾನ್ಯ ಬ್ಯೂಟೈಲ್ ಟ್ಯೂಬು ಪಂಚರಾಗದಿದ್ದರೂ ವಾರಕ್ಕೆ 5ರಿಂದ 10 ಪಿಎಸ್‌ಐ ಕಳೆದುಕೊಳ್ಳುತ್ತದೆ. ಲ್ಯಾಟೆಕ್ಸ್ ಟ್ಯೂಬಿಗೆ ಒಂದು ರಾತ್ರಿ ಸಾಕು. ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನಿಂದ ತುಂಬಿದ್ದರೆ ಮನೆಗೆ ಬಂದ ಮೇಲೆ ಅದನ್ನು ಬಿಟ್ಟು ಮತ್ತೆ ಗಾಳಿ ಹಾಕಿ. ಆ ಅನಿಲ ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರುತ್ತದೆ.

ಬಿಸಿಲು, ಮಳೆ, ಎತ್ತರ

ಬೆಳಗ್ಗೆ 22 ಡಿಗ್ರಿಯಲ್ಲಿ 75 ಹಾಕಿದ ಟೈರು ಮಧ್ಯಾಹ್ನ ಬಿಸಿಲಿನ ಪಾರ್ಕಿಂಗಿನಲ್ಲಿ 45 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 82ರ ಹತ್ತಿರ ಹೋಗುತ್ತದೆ. ಮಿತಿಯ ತನಕ ಹೊಡೆದಿಟ್ಟ ಟ್ಯೂಬು ನಿಂತಲ್ಲೇ ಸಿಡಿಯುವುದಕ್ಕೆ ಇದೊಂದು ಕಾರಣ. ಏಪ್ರಿಲ್‌ನಲ್ಲಿ ಸೈಕಲ್ಲನ್ನು ನೆರಳಿಗೆ ನಿಲ್ಲಿಸಿ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ರಿಮ್ ಬ್ರೇಕನ್ನು ಬಿಡದೆ ಹಿಡಿದು ಬಂದರೆ ರಿಮ್ಮೇ ಕಾದು ಇದೇ ಆಗುತ್ತದೆ. ಅಲ್ಲಿ ಬಿಟ್ಟು ಬಿಟ್ಟು ಬ್ರೇಕ್ ಹಿಡಿಯಬೇಕು.

ಮಳೆಗಾಲದಲ್ಲಿ 3ರಿಂದ 5 ಪಿಎಸ್‌ಐ ಇಳಿಸಿದರೆ ಹಿಡಿತ ಸಿಗುತ್ತದೆ. ಆದರೆ ನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲವಾದ್ದರಿಂದ ಕೆಳಗಿನ ಗೆರೆಗೆ ತೀರಾ ಹತ್ತಿರ ಹೋಗಬೇಡಿ. ಒದ್ದೆ ರಬ್ಬರಿಗೆ ಗಾಜಿನ ಚೂರು, ಕಟ್ಟಡ ಕೆಲಸದ ಬೈಂಡಿಂಗ್ ವೈರಿನ ತುಣುಕು ಬೇಗ ಅಂಟಿಕೊಳ್ಳುತ್ತವೆ. ಮನೆ ಸೇರಿದ ಮೇಲೆ ಟೈರನ್ನು ಬಟ್ಟೆಯಿಂದ ಒರೆಸಿ ಒಮ್ಮೆ ತಿರುಗಿಸಿ ನೋಡುವುದು ಲೇಸು.

ಎತ್ತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಮೇಲಿದೆ. ಇಲ್ಲಿ 75 ತೋರಿಸಿದ ಟೈರು ಅದೇ ಬಿಸಿಯಲ್ಲಿ ಮಂಗಳೂರಿನಲ್ಲಿ 73.5ರಷ್ಟು ತೋರಿಸುತ್ತದೆ, ಅಷ್ಟೇ.

ಟ್ಯೂಬ್‌ಲೆಸ್ ಇದ್ದರೆ

ಟ್ಯೂಬ್‌ಲೆಸ್ಸಿನಲ್ಲಿ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹರಿಯಲು ಟ್ಯೂಬೇ ಇಲ್ಲ. ಆದ್ದರಿಂದ ಪಟ್ಟಿಯ ಅಂಕಿಗಿಂತ 5 ಪಿಎಸ್‌ಐ ಕೆಳಗೆ ಧೈರ್ಯವಾಗಿ ಹೋಗಬಹುದು. ರಿಮ್ಮು ಬಡಿದು ಡೊಂಕಾಗುವ ಅಪಾಯ ಮಾತ್ರ ಹಾಗೇ ಇರುತ್ತದೆ. ಒಳಗಿನ ಸೀಲೆಂಟ್ ದ್ರವ ಕೆಲವು ತಿಂಗಳಲ್ಲಿ ಒಣಗುತ್ತದೆ. ಮತ್ತೆ ಹಾಕುವುದನ್ನು ಮರೆತರೆ ಟ್ಯೂಬ್‌ಲೆಸ್ಸಿನ ಅರ್ಧ ಲಾಭ ಹೋದಂತೆ.

ಪಂಚರ್ ಆದ ಟ್ಯೂಬು ಹೇಳುವುದೇನು

ತೇಪೆ ಹಾಕುವ ಮೊದಲು ತೂತು ನೋಡಿ. ಅಕ್ಕಪಕ್ಕ ಎರಡು ಸೀಳು ಇದ್ದರೆ ಟ್ಯೂಬು ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿತ್ತು ಎಂದರ್ಥ. ಗಾಳಿ ಕಡಿಮೆಯಾಗಿದೆ, ಇಲ್ಲವೇ ಟೈರು ತೆಳುವಾಗಿದೆ. ಹೊರಮೈಯಲ್ಲಿ ಒಂದೇ ಚುಕ್ಕೆ ಇದ್ದರೆ ಚೂಪಾದದ್ದು ಚುಚ್ಚಿದೆ, ಗಾಳಿಯ ತಪ್ಪಲ್ಲ. ಟೈರಿನ ಒಳಗೆ ಬೆರಳಾಡಿಸಿ ಅದನ್ನು ಕಿತ್ತು ತೆಗೆಯದಿದ್ದರೆ ಮರುದಿನ ಮತ್ತೆ ಪಂಚರ್. ಕಡ್ಡಿಗಳ ಕಡೆಗಿರುವ ಒಳಮೈಯಲ್ಲಿ ತೂತಿದ್ದರೆ ರಿಮ್ ಟೇಪು ಸರಿದಿರುತ್ತದೆ. ಒತ್ತಡ ಹೆಚ್ಚಿದ್ದಷ್ಟೂ ಟ್ಯೂಬು ಅಲ್ಲಿನ ಕುಳಿಗಳಿಗೆ ತೂರಿಕೊಂಡು ಹರಿಯುತ್ತದೆ. ಎರಡು ಸೀಳಿನ ಪಂಚರ್ ಮತ್ತೆ ಮತ್ತೆ ಆಗುತ್ತಿದ್ದರೆ 5 ಪಿಎಸ್‌ಐ ಏರಿಸಿ. ಏರಿಸಿದ ಮೇಲೆ ಮೈ ನೋಯತೊಡಗಿದರೆ ಅಗಲದ ಟೈರಿಗೆ ಹೋಗುವುದೇ ಪರಿಹಾರ. ಅಷ್ಟರಲ್ಲಿ ಗುಂಡಿ ಕಂಡಾಗ ತುಳಿಯುವುದು ನಿಲ್ಲಿಸಿ, ಪೆಡಲುಗಳ ಮೇಲೆ ತುಸು ಎದ್ದು, ಮೊಣಕೈ ಸಡಿಲ ಬಿಡಿ. ಬಡಿತದ ಜೋರು ಕಡಿಮೆಯಾಗುತ್ತದೆ.

ನಿಮ್ಮ ಎರಡು ಅಂಕಿ ಸಿಕ್ಕ ಮೇಲೆ ಒಂದು ಚೀಟಿಯಲ್ಲಿ ಬರೆದು ಪಂಪಿಗೇ ಅಂಟಿಸಿ: ಹಿಂದೆ ಇಷ್ಟು, ಮುಂದೆ ಇಷ್ಟು. ವಾರಕ್ಕೆ ಎರಡು ಸಲ, ಹೊರಡುವ ಮೊದಲು, ಆ ಅಂಕಿಗೆ ತನ್ನಿ. ಹೊಸ ಟೈರು ಹಾಕಿದಾಗ, ಬ್ಯಾಗಿನ ಭಾರ ಬದಲಾದಾಗ, ಮಳೆಗಾಲ ಬಂದಾಗ ಚೀಟಿ ತಿದ್ದಿ. ನಿಮ್ಮ ದಾರಿಯ ಕೆಟ್ಟ ಭಾಗಕ್ಕೆ ಹೊಸ ಟಾರು ಬಿದ್ದರೆ ಆಗಲೂ ತಿದ್ದಬಹುದು, 3 ಪಿಎಸ್‌ಐ ಸೇರಿಸಿದರೆ ಸಾಕು. ಅದೇ ರಸ್ತೆಯನ್ನು ಇನ್ನೊಂದು ಇಲಾಖೆ ಬಂದು ಅಗೆಯುವ ತನಕ ಆ ಅಂಕಿ ನಡೆಯುತ್ತದೆ.